ಲ್ಯಾಬ್ರಡಾರ್ ನಾಯಿಮರಿಗೆ ಅಷ್ಟು ದುಡ್ಡು ಯಾಕೆ ಅಂದ್ರೆ

ಅಂಗಡಿಯಲ್ಲಿ ಲ್ಯಾಬ್ರಡಾರ್ ಮರಿ ಕಮ್ಮಿಗೆ ಸಿಗುವಾಗ ಬ್ರೀಡರ್ (ತಳಿ ನಾಯಿ ಸಾಕಿ ಮರಿ ಮಾಡಿಸಿ ಮಾರುವವರು) ಮೂರು ಪಟ್ಟು ಕೇಳುವುದು ಬರೀ ತಳಿಯ ದಾಖಲೆ ಕಾಗದಕ್ಕಾ ಅಂತ ಕೇಳಿದ್ದೀರಿ. ಕಾಗದಕ್ಕಲ್ಲ ಸರ್. ಲ್ಯಾಬ್‌ಗಳಿಗೆ ಸೊಂಟದ ಕೀಲಿನ ತೊಂದರೆ ವಂಶದಿಂದಲೇ ಬರಬಹುದು, ಅದಕ್ಕೇ ಒಳ್ಳೆಯ ಬ್ರೀಡರ್ ಗಂಡು, ಹೆಣ್ಣು ಎರಡಕ್ಕೂ ಎಕ್ಸ್‌ರೇ ತೆಗೆಸಿ, ಕೀಲು ಸರಿಯಿದ್ದರೆ ಮಾತ್ರ ಮರಿ ಹಾಕಿಸುತ್ತಾರೆ. ಆಮೇಲೆ 8 ವಾರ ಮರಿಗಳು ತಾಯಿ ಜೊತೆಯೇ ಇರಬೇಕು. ಅಷ್ಟು ದಿನದ ಊಟ, ಜಂತಿನ ಔಷಧಿ, ಲಸಿಕೆ ಎಲ್ಲಾ ಅವರ ಖರ್ಚು.

ನಾನೂ ಸುಮ್ನೆ ಮುದ್ದಾಗಿದೆ ಅಂತ ಅಂಗಡಿ ಮರಿ ತಂದಿದ್ದೆ. ಮೂರನೇ ದಿನ ವಾಂತಿ, ರಕ್ತಭೇದಿ. ಪಾರ್ವೋ, ಮರಿಗಳ ಜೀವಕ್ಕೇ ಕುತ್ತು ತರುವ ವೈರಸ್ ಕಾಯಿಲೆ! ಐದು ದಿನ ಡ್ರಿಪ್ ಹಾಕಿಸಿ ಉಳಿಸಿಕೊಂಡೆವು, ಬಿಲ್ಲು ಮರಿಯ ಬೆಲೆ ದಾಟಿತ್ತು. ಹಾಗಂತ ಜಾಸ್ತಿ ಕೇಳುವವರೆಲ್ಲ ಒಳ್ಳೆಯವರೇನಲ್ಲ. ಮೊದಲು ತಾಯಿನಾಯಿ ತೋರಿಸಿ ಅನ್ನಿ, ನೆಪ ಹೇಳಿದರೆ ಎದ್ದು ಬನ್ನಿ.