"ನಂಗೆ ಬರಲ್ಲ, ನೀನೇ ಬಿಡಿಸ್ಕೊಡು"

ಸಲಹೆಗೆಂದು ಕರೆತಂದಿದ್ದ ನಾಲ್ಕೂವರೆ ವರ್ಷದ ಹುಡುಗ; ಗುರುತು ಸಿಗುವ ವಿವರಗಳನ್ನು ಬಿಟ್ಟಿದೆ. ಮೂರರಲ್ಲಿ ಗೋಡೆ ತುಂಬ ಗೀಚುತ್ತಿದ್ದವನು ಈಗ ಕಾಗದ ಕಂಡರೆ "ನಂಗೆ ಬರಲ್ಲ, ನೀನೇ ಬಿಡಿಸ್ಕೊಡು" ಅನ್ನುತ್ತಾನೆ. ಪೆನ್ಸಿಲ್ ಹಿಡಿತ ಸಡಿಲ, ಅಕ್ಷರ ತಿದ್ದಲು ಕೂರುವುದಿಲ್ಲ ಎಂಬುದು ಶಾಲೆಯ ದೂರು.

ಪರೀಕ್ಷಿಸಿದಾಗ ವೃತ್ತ, ಕೂಡು ಗುರುತು ನೋಡಿ ಬರೆದ. ಚೌಕದ ಮೂಲೆ ಇನ್ನೂ ದುಂಡಗಿದೆ. ಈ ವಯಸ್ಸಿಗೆ ಅದು ಸರಿಯೇ. ತ್ರಿಕೋನ ಬರುವುದು ಐದರ ಹೊತ್ತಿಗೆ. ಮನೆಯ ದಿನಚರಿ ಕೇಳಿದಾಗ ಗಂಟು ಸಿಕ್ಕಿತು. ಗೀಚಾಟ ನಿಲ್ಲಿಸಿ ಬಣ್ಣ ತುಂಬುವ ಪುಸ್ತಕ ಕೊಟ್ಟಿದ್ದರು, ಗೆರೆ ದಾಟದ ಪುಟಕ್ಕೊಂದು ಸ್ಟಿಕರ್. ಅವನು ಬರೆದ ಮನುಷ್ಯನಿಗೆ ತಲೆಯಿಂದಲೇ ಕಾಲು ಹೊರಟಿತ್ತೆಂದು ತಾಯಿ ಹೊಟ್ಟೆ ಸೇರಿಸಿ ತಿದ್ದಿದ್ದರು. ಮೂರು-ನಾಲ್ಕರ ಮಕ್ಕಳು ಬಿಡಿಸುವುದೇ ಹಾಗೆ.

ಸ್ಟಿಕರ್ ಕೆಲಸ ಕೆಡಿಸುತ್ತದೆ. ಮನಶ್ಶಾಸ್ತ್ರಜ್ಞರಾದ ಲೆಪರ್, ಗ್ರೀನ್, ನಿಸ್ಬೆಟ್ 1973ರಲ್ಲಿ ಕಂಡದ್ದು: ಬಹುಮಾನದ ಮಾತು ಮೊದಲೇ ಕೊಟ್ಟು ಬಿಡಿಸಿದ ಮಕ್ಕಳು ಆಮೇಲೆ ಬಿಡುವಿನಲ್ಲಿ ಚಿತ್ರದತ್ತ ಸುಳಿದದ್ದೇ ಕಡಿಮೆ. ಮೊದಲು ಹೇಳದೆ ಕೊನೆಗೆ ಬಹುಮಾನ ಸಿಕ್ಕ ಮಕ್ಕಳಲ್ಲಿ ಆ ಕುಸಿತವಿರಲಿಲ್ಲ.

ಕೊಟ್ಟ ಸಲಹೆ: ಆರು ವಾರ ಬಣ್ಣದ ಪುಸ್ತಕ, ಸ್ಟಿಕರ್ ಎರಡೂ ಬೇಡ. ದೊಡ್ಡ ಹಾಳೆಯನ್ನು ಮಗುವಿನ ಎದೆಯಿಂದ ಕಣ್ಣಿನ ಎತ್ತರದವರೆಗೆ ಗೋಡೆಗೆ ಅಂಟಿಸಿ. ನಿಂತು ಬರೆದಾಗ ಭುಜ ಗಟ್ಟಿಯಾಗುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗಿ ಬೆರಳುಗಳ ಹಿಡಿತ ಸುಧಾರಿಸುತ್ತದೆ. ಕ್ರೇಯಾನನ್ನು ಮೂರು ಸೆಂಟಿಮೀಟರ್ ತುಂಡು ಮಾಡಿ. ತುಂಡನ್ನು ಮುಷ್ಟಿಯಲ್ಲಿ ಹಿಡಿಯಲಾಗದು, ಮೂರು ಬೆರಳು ತಾನಾಗಿ ಸೇರುತ್ತವೆ. ಎರಡು-ಮೂರು ಬಣ್ಣ, ದಿನಕ್ಕೆ ಹದಿನೈದು ನಿಮಿಷ, ಅವನಿಗೆ ಸಾಕೆನಿಸಿದರೆ ಅಲ್ಲಿಗೇ ಬಿಡಿ.

"ಬೆಕ್ಕು ಬಿಡಿಸ್ಕೊಡು" ಎಂದಾಗ ಎಡವುವವರೇ ಹೆಚ್ಚು. ನೀವು ಬಿಡಿಸಿದ ಬೆಕ್ಕಿನ ಪಕ್ಕ ಅವನದು ಸೋಲುತ್ತದೆ, ಮತ್ತೆ ಕೈ ಹಾಕುವುದಿಲ್ಲ. "ಬೆಕ್ಕಿನ ಕಿವಿ ಎಲ್ಲಿರುತ್ತೆ? ಬಾಲ ಎಷ್ಟುದ್ದ?" ಎಂದು ಕೇಳಿ ಸುಮ್ಮನಿರಿ. "ಇದೇನು?" ಬೇಡ, "ಸೂಪರ್!" ಕೂಡ ಬೇಡ, "ಇಲ್ಲಿ ತುಂಬ ಒತ್ತಿ ಉಜ್ಜಿದ್ದೀಯ" ಎಂದು ಕಂಡದ್ದನ್ನಷ್ಟೇ ಹೇಳಿ. ಮೊದಲ ವಾರ ಬರೀ ಕಪ್ಪು ಮೆತ್ತಿದರೆ ಮನಸ್ಸು ಕೆಟ್ಟಿದೆ ಎಂದು ಹೆದರಬೇಡಿ. ಬಿಳಿ ಹಾಳೆಯ ಮೇಲೆ ಎದ್ದು ಕಾಣುವುದು ಕಪ್ಪೇ ತಾನೆ.

ಬೆರಳ ಬಲಕ್ಕೆ ಎರಡು ಕಪ್ ಮೈದಾ, ಒಂದು ಕಪ್ ಉಪ್ಪು, ಸುಮಾರು ಮುಕ್ಕಾಲು ಕಪ್ ನೀರಿನ ಗಟ್ಟಿ ಮುದ್ದೆ ಕಲಸಿ ಆಡಲು ಕೊಡಿ. ಮೆತ್ತಗಾದರೆ ಕೈಗೆ ಅಂಟುತ್ತದೆ, ಒತ್ತಲು ತಡೆ ಸಿಗದು. ಉಪ್ಪು ಹೆಚ್ಚಿರುವುದರಿಂದ ನುಂಗದಂತೆ ಕಣ್ಣಿಡಿ.

ಐದು ದಾಟಿದರೂ ಮುಷ್ಟಿ ಹಿಡಿತವೇ ಇದ್ದರೆ, ಗುಂಡಿ ಹಾಕಲು ತಡವರಿಸಿದರೆ, ಕೈ ಬೇಗ ಸೋತರೆ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೈಕೆಲಸಗಳಿಗೆ ತರಬೇತಿ ಕೊಡುವ ಚಿಕಿತ್ಸಕರು) ಬಳಿ ಒಮ್ಮೆ ತೋರಿಸಿ ಎಂದೂ ತಿಳಿಸಲಾಗಿದೆ.