ನಾಲ್ಕು ಕಾರ್ಡಿನ ಶೀರನ್‌ಗೆ ಕೋಟಿ, ನಮ್ಮ ಗುರುಗಳಿಗೆ ಎರಡು ಸಾವಿರ? ನನ್ನ ಉತ್ತರ

ಬ್ರದರ್, ನಿಮ್ಮ ಪ್ರಶ್ನೆ ಓದಿದೆ, ಅದರ ಕೆಳಗಿನ ಜಗಳವನ್ನೂ ಓದಿದೆ. ಈಗ ಬಂದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಇವರು ಕೇಳಿದ್ದು: ಇಂಗ್ಲೆಂಡಿನ ಪಾಪ್ ಗಾಯಕ ಎಡ್ ಶೀರನ್ ಗಿಟಾರಿನಲ್ಲಿ ಬಾರಿಸೋದು ನಾಲ್ಕೇ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು), ಅವರಿಗೆ ಕೋಟಿಗಟ್ಟಲೆ ದುಡ್ಡು. ಇವರಿಗೆ ಗಿಟಾರ್ ಕಲಿಸಿದ ಗುರುಗಳು 30 ವರ್ಷದಿಂದ ಆರ್ಕೆಸ್ಟ್ರಾದಲ್ಲಿದ್ದಾರೆ, ಯಾವ ಹಾಡನ್ನಾದರೂ ಒಂದು ಸಲ ಕೇಳಿ ನುಡಿಸಿಬಿಡುತ್ತಾರೆ, ರಾತ್ರಿಗೆ 2,000 ರೂಪಾಯಿ. ಇದು ನ್ಯಾಯವಾ? ಕೊನೆಯಲ್ಲಿ ಮೆತ್ತಗೆ ಇನ್ನೊಂದು ಪ್ರಶ್ನೆ: ಕೆಲಸ ಬಿಟ್ಟು ಸಂಗೀತಕ್ಕೇ ಇಳಿಯಲಾ?

ನಾನು ದಾವಣಗೆರೆ ಸುತ್ತಮುತ್ತ 18 ವರ್ಷ ರಸಮಂಜರಿಗಳಲ್ಲಿ ಕೀಬೋರ್ಡ್ ನುಡಿಸಿದವನು. ನಿಮ್ಮ ಗುರುಗಳ ಸಿಟ್ಟು ನನಗೂ ಇದೆ. ಆದರೆ ಆ ಸಿಟ್ಟು ಹೋಗಬೇಕಾದ ಕಡೆ ಹೋಗುತ್ತಿಲ್ಲ ಅಂತ ನನಗನ್ನಿಸುತ್ತದೆ.

ಮೊದಲು ಈ 'ನಾಲ್ಕು ಕಾರ್ಡ್' ಅನ್ನೋ ಬೈಗುಳ ಬಿಟ್ಟುಬಿಡೋಣ. ಇದೇ ವಿಷಯ ಅಮೆರಿಕದಲ್ಲಿ ಕೋರ್ಟಿಗೇ ಹೋಗಿತ್ತು. ಮಾರ್ವಿನ್ ಗೇ ಹಾಡಿದ 1973ರ ಒಂದು ಹಾಡಿನಿಂದ ಶೀರನ್ ಕದ್ದಿದ್ದಾರೆ ಅಂತ, ಆ ಹಾಡನ್ನು ಜೊತೆಗೂಡಿ ಬರೆದ ಎಡ್ ಟೌನ್ಸೆಂಡ್ ಅವರ ವಾರಸುದಾರರು ಕೇಸು ಹಾಕಿದ್ದರು. ಶೀರನ್ ಸಾಕ್ಷಿ ಕಟ್ಟೆಗೇ ಗಿಟಾರ್ ತರಿಸಿಕೊಂಡು ಆ ನಾಲ್ಕು ಕಾರ್ಡ್ ನುಡಿಸಿ ತೋರಿಸಿದರು. 2023ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಜ್ಯೂರಿ ಕದ್ದಿಲ್ಲ ಅಂತ ತೀರ್ಪು ಕೊಟ್ಟಿತು. ತೊಗರಿಬೇಳೆ, ಹುಣಸೆಹಣ್ಣು ಎಲ್ಲರ ಅಡುಗೆಮನೆಯಲ್ಲೂ ಇರುತ್ತದೆ. ಸಾರು ಯಾರದ್ದು ಚೆನ್ನಾಗಿದೆ ಅನ್ನೋದು ಬೇರೆ ಮಾತು, ಅಲ್ವಾ?

ಇನ್ನು ಅವರು ಸುಮ್ನೆ ಮೇಲೆ ಬಂದವರೂ ಅಲ್ಲ. 14ನೇ ವಯಸ್ಸಿನಲ್ಲಿ ಹಾಡಿದ ಒಂದು ರೆಕಾರ್ಡಿಂಗನ್ನು ಅವರೇ ಟಿವಿಯಲ್ಲಿ ಹಾಕಿ ಕೇಳಿಸಿದ್ದಾರೆ. ಹುಡುಕಿ ಕೇಳಿ. ನಮ್ಮ ಆರ್ಕೆಸ್ಟ್ರಾದಲ್ಲಾಗಿದ್ದರೆ ಕೋರಸ್ಸಿಗೂ ನಿಲ್ಲಿಸುತ್ತಿರಲಿಲ್ಲ. ಇಂಗ್ಲೆಂಡಿನ ಸಫೋಕ್ ಕಡೆಯ ಸಣ್ಣ ಊರಿನ ಹುಡುಗ. ಹದಿಹರೆಯದಲ್ಲೇ ಲಂಡನ್ನಿಗೆ ಹೋದರು, ಪರಿಚಯದವರ ಮನೆ ಸೋಫಾ ಮೇಲೆ ಮಲಗಿದರು, ಪಬ್ಬುಗಳಲ್ಲಿ ಹಾಡಿದರು. 2009 ಒಂದೇ ವರ್ಷದಲ್ಲಿ 312 ಶೋ ಕೊಟ್ಟರು ಅನ್ನೋ ಲೆಕ್ಕ ಇದೆ. ನಮ್ಮ ಕಡೆ ಗಣಪತಿ ಸೀಸನ್, ರಾಜ್ಯೋತ್ಸವ, ಊರ ಜಾತ್ರೆ ಎಲ್ಲಾ ಸೇರಿಸಿದರೂ ನನ್ನ ಒಳ್ಳೆಯ ವರ್ಷದಲ್ಲಿ 90 ದಾಟಿಲ್ಲ. ಹಾಗಂತ ಎಲ್ಲಾ ಬರೀ ಕಷ್ಟದ ಫಲ ಅಂತಲೂ ಅಲ್ಲ. ಅವರ ತಂದೆ ತಾಯಿ ಕಲಾ ಪ್ರದರ್ಶನಗಳ ಕೆಲಸದಲ್ಲಿದ್ದವರು, ಮಗ ಸಂಗೀತ ಅಂದಾಗ 'ಮೊದಲು ಡಿಪ್ಲೊಮಾ ಮುಗಿಸು' ಅಂದವರಲ್ಲ. ಅಪ್ಪನೇ ಕರೆದುಕೊಂಡು ಹೋಗಿ ಕಾರ್ಯಕ್ರಮ ತೋರಿಸಿದವರು.

ಈಗ ನಿಮ್ಮ ಗುರುಗಳ ವಿಷಯಕ್ಕೆ ತುಂಬಾ ಹತ್ತಿರದ್ದೊಂದು ಹೇಳುತ್ತೇನೆ. ಶೀರನ್ ಹೆಸರಾಗಿದ್ದು ಲೂಪ್ ಪೆಡಲ್‌ನಿಂದ. ಗೊತ್ತಿಲ್ಲದವರಿಗೆ: ಗಿಟಾರಿನ ಮೈ ತಟ್ಟಿ ಒಂದು ತಾಳ ಹಾಕಿ ಕಾಲಲ್ಲಿ ಒತ್ತಿದರೆ ಅದು ರೆಕಾರ್ಡ್ ಆಗಿ ಸುತ್ತುತ್ತಲೇ ಇರುತ್ತದೆ. ಅದರ ಮೇಲೆ ಕಾರ್ಡ್, ಅದರ ಮೇಲೆ ಕೋರಸ್. ಒಬ್ಬನೇ ಮನುಷ್ಯ, ಕೇಳೋರಿಗೆ ಇಡೀ ಬ್ಯಾಂಡ್. ಇದನ್ನು ಶೀರನ್‌ಗೆ ಕಲಿಸಿದ್ದು ಗ್ಯಾರಿ ಡನ್ ಅನ್ನೋ ಐರಿಷ್ ಗಾಯಕ. ಈ ಗುಂಪಿನಲ್ಲಿ ಎಷ್ಟು ಜನ ಆ ಹೆಸರು ಕೇಳಿದ್ದೀರಿ? ನಾನೂ ಕೇಳಿರಲಿಲ್ಲ.

ನಿಜ್ಲೋಪಿ ಅಂತ ಇಬ್ಬರ ಬ್ಯಾಂಡ್ ಇನ್ನೊಂದು. ಶೀರನ್ ಹೆಸರು ಮಾಡೋ ಮುಂಚೆ ಕೆಲಕಾಲ ಅವರಿಗೆ ಗಿಟಾರ್ ಟ್ಯೂನ್ ಮಾಡಿಕೊಡೋ ಹುಡುಗನಾಗಿದ್ದರು. ನಮ್ಮಲ್ಲಿ ಕೇಬಲ್ ಸುತ್ತೋ ಹುಡುಗರಿರುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ನಿಜ್ಲೋಪಿ ಏನೂ ಸಣ್ಣವರಲ್ಲ. ಜೆಸಿಬಿ ಓಡಿಸೋ ಅಪ್ಪನ ಪಕ್ಕ ಕೂತು ಹೋಗೋ ಪುಟ್ಟ ಹುಡುಗನ ಬಗ್ಗೆ ಒಂದು ಹಾಡು ಮಾಡಿದ್ದರು. ಹೌದು, ನಮ್ಮ ಊರಲ್ಲೆಲ್ಲಾ ನಿಂತು ನೋಡುತ್ತಾರಲ್ಲ, ಅದೇ ಹಳದಿ ಜೆಸಿಬಿ! ದೊಡ್ಡ ಕಂಪನಿಯ ಬೆಂಬಲ ಇಲ್ಲದೆ, ಇಂಟರ್ನೆಟ್ಟಿನಲ್ಲಿ ಹರಡಿದ ಒಂದು ಕಾರ್ಟೂನ್ ವಿಡಿಯೊದಿಂದ ಅದು 2005ರ ಡಿಸೆಂಬರಿನಲ್ಲಿ ಬ್ರಿಟನ್ನಿನ ನಂಬರ್ ಒನ್ ಹಾಡಾಯಿತು. ಮುಂದಿನ ವಾರ ಟಿವಿ ಸ್ಪರ್ಧೆ ಗೆದ್ದ ಹುಡುಗನೊಬ್ಬನ ಹಾಡು ಬಂದು ಅದನ್ನು ಕೆಳಗಿಳಿಸಿತು. ಅಲ್ಲಿಂದ ಮುಂದೆ ಆ ಎತ್ತರಕ್ಕೆ ಅವರು ಮತ್ತೆ ಹೋಗಲಿಲ್ಲ.

ಕಲಿಸಿದವರು ಅಲ್ಲೇ, ಕಲಿತ ಹುಡುಗ ಮಾತ್ರ ಸ್ಟೇಡಿಯಂ ತುಂಬಿಸಿದ. ಗ್ಯಾರಿ ಡನ್‌ಗಿಂತ ಶೀರನ್ ಸಾವಿರ ಪಟ್ಟು ಒಳ್ಳೆಯ ಸಂಗೀತಗಾರರಾ? ಖಂಡಿತ ಇಲ್ಲ. ಆದರೆ ದುಡ್ಡು ಸಾವಿರ ಪಟ್ಟಿಗೂ ಜಾಸ್ತಿ ಇದ್ದೀತು. ಈ ವ್ಯತ್ಯಾಸ ಎಲ್ಲಿಂದ ಬಂತು ಅನ್ನೋದಕ್ಕೆ ಒಂದು ಒಳ್ಳೆಯ ಪ್ರಯೋಗ ಇದೆ. 2006ರಲ್ಲಿ ಪ್ರಕಟವಾದದ್ದು, ಕೊಲಂಬಿಯಾ ವಿಶ್ವವಿದ್ಯಾಲಯದವರು ಮಾಡಿದ್ದು. ಹೆಸರೇ ಇಲ್ಲದ ಬ್ಯಾಂಡುಗಳ 48 ಹಾಡು ತಗೊಂಡರು. 14,000ಕ್ಕೂ ಹೆಚ್ಚು ಜನರಿಗೆ ಕೇಳಿಸಿ, ಇಷ್ಟವಾದದ್ದನ್ನು ಇಳಿಸಿಕೊಳ್ಳಿ ಅಂದರು. ಒಂದು ಗುಂಪಿಗೆ ಬರೀ ಹಾಡು. ಉಳಿದವರನ್ನು 8 ಬೇರೆ ಬೇರೆ ಗುಂಪು ಮಾಡಿ, ತಮ್ಮ ಗುಂಪಿನವರು ಯಾವುದನ್ನು ಎಷ್ಟು ಸಲ ಇಳಿಸಿಕೊಂಡರು ಅಂತ ತೋರಿಸಿದರು. ಅಷ್ಟೇ ವ್ಯತ್ಯಾಸ. ಬರೀ ಕೇಳಿ ಆರಿಸಿದವರ ಲೆಕ್ಕದಲ್ಲಿ 26ನೇ ಸ್ಥಾನದಲ್ಲಿದ್ದ ಒಂದು ಹಾಡು, ಒಂದು ಗುಂಪಿನಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದು. ಅದೇ ಹಾಡು! ತೀರಾ ಚೆನ್ನಾಗಿರೋದು ಪೂರ್ತಿ ಮುಳುಗಿದ್ದು ಅಪರೂಪ, ತೀರಾ ಕೆಟ್ಟದ್ದು ಗೆದ್ದದ್ದೂ ಅಪರೂಪ. ನಡುವೆ ಇದ್ದವುಗಳ ಹಣೆಬರಹ ಮಾತ್ರ ಯಾರೂ ಹೇಳೋ ಹಾಗಿರಲಿಲ್ಲ. ಒಂದು ಹೋಟೆಲ್ ಮುಂದೆ ನಾಲ್ಕು ಬೈಕ್ ನಿಂತಿದ್ದರೆ ಐದನೆಯವನೂ ಅಲ್ಲೇ ನಿಲ್ಲಿಸುತ್ತಾನಲ್ಲ, ಇದೂ ಹಾಗೇ.

ಅದಕ್ಕೇ ನನ್ನ ಪ್ರಕಾರ ಶೀರನ್ ಗೆದ್ದದ್ದು ನ್ಯಾಯವೇ. ಇಷ್ಟೊಂದು ಗೆದ್ದದ್ದು ಅದೃಷ್ಟ.

ಇನ್ನೊಂದು, ವೇದಿಕೆ ಅನ್ನೋದೇ ಬೇರೆ ವಿದ್ಯೆ. ಇದನ್ನು ವಾದ್ಯ ನುಡಿಸೋ ನಾವು ಒಪ್ಪೋದಿಲ್ಲ. ನಮ್ಮ ತಂಡದಲ್ಲಿ ಇಬ್ಬರು ಗಾಯಕರಿದ್ದರು. ಒಬ್ಬರು ಶಾಸ್ತ್ರೀಯ ಕಲಿತವರು, ಶ್ರುತಿ ಕೂದಲೆಳೆಯಷ್ಟೂ ಆಚೀಚೆ ಆಗದು. ಇನ್ನೊಬ್ಬ ಸುಮಾರಾಗಿ ಹಾಡುತ್ತಿದ್ದ. ಒಂದು ಗಣಪತಿ ಪೆಂಡಾಲಿನಲ್ಲಿ ಕರೆಂಟ್ ಹೋಯಿತು, ಜನರೇಟರ್ ಹತ್ತಲಿಲ್ಲ. ಮೊದಲನೆಯವರು ಕುರ್ಚಿ ಎಳೆದುಕೊಂಡು ಕೂತರು. ಎರಡನೆಯವನು ಕೆಳಗೆ ಇಳಿದು, ಜನರ ಮಧ್ಯೆ ನಿಂತು, ಢೋಲಕ್‌ನವನನ್ನು ಕರೆದು 20 ನಿಮಿಷ ಎಲ್ಲರ ಕೈಲೂ ಹಾಡಿಸಿದ. ಒಬ್ಬರೂ ಎದ್ದು ಹೋಗಲಿಲ್ಲ. ಮರುವರ್ಷ ಕಮಿಟಿಯವರು ಫೋನ್ ಮಾಡಿ ಕೇಳಿದ್ದು ಯಾರ ಹೆಸರು ಅಂತ ಹೇಳಬೇಕಾ? ನನಗೆ ಆಗ ಹೊಟ್ಟೆ ಉರಿದಿತ್ತು. ಈಗ ಇಲ್ಲ, ಸ್ವಲ್ಪ ಮಾತ್ರ.

ಚರ್ಚ್ ಸ್ಟ್ರೀಟ್ ವಿಡಿಯೊ ನೆನಪಿದೆಯಾ? 2025ರ ಫೆಬ್ರವರಿ 9, ಬೆಂಗಳೂರು. ಶೀರನ್ ಫುಟ್‌ಪಾತಿನಲ್ಲಿ ನಿಂತು ಹಾಡುತ್ತಿದ್ದಾಗ ಪೊಲೀಸರು ಬಂದು ವೈರ್ ಕಿತ್ತರು. ಅನುಮತಿ ಇರಲಿಲ್ಲ ಅಂತ ಪೊಲೀಸರು, ಇತ್ತು ಅಂತ ಶೀರನ್. ರಾತ್ರಿ ಹತ್ತಾಯಿತು ಅಂತ ನಮ್ಮ ವೈರ್ ಎಷ್ಟು ಪೆಂಡಾಲಿನಲ್ಲಿ ಕಿತ್ತಿಲ್ಲ? ನಮ್ಮದು ಕಿತ್ತರೆ ಮನೆಗೆ ಹೋಗಿ ಮಲಗುತ್ತೇವೆ. ಅವರದ್ದು ಕಿತ್ತರೆ ಪ್ರಪಂಚಕ್ಕೆಲ್ಲಾ ಸುದ್ದಿ, ಅದೂ ಪ್ರಚಾರವೇ. ಒಮ್ಮೆ ಮೇಲೆ ಹತ್ತಿದವರಿಗೆ ಬಿದ್ದದ್ದೂ ಲಾಭ.

ಸ್ಟ್ರೀಮಿಂಗ್ ಆ್ಯಪ್‌ಗಳಲ್ಲೂ ಇದೇ ಕತೆ. ಸ್ಪಾಟಿಫೈನಲ್ಲಿ ನೀವು ತಿಂಗಳೆಲ್ಲಾ ನಿಮ್ಮ ಗುರುಗಳ ಹಾಡನ್ನೇ ಕೇಳಿದರೂ ನಿಮ್ಮ ದುಡ್ಡು ನೇರವಾಗಿ ಅವರಿಗೆ ಹೋಗಲ್ಲ. ಎಲ್ಲರ ದುಡ್ಡನ್ನೂ ಒಂದೇ ಹಂಡೆಗೆ ಸುರಿದು, ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟು ಹಂಚುತ್ತಾರೆ. 2024ರಿಂದ ಇನ್ನೊಂದು ನಿಯಮ: 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿಯೇ ಇಲ್ಲ. ಸಿಟ್ಟು ಬರೋದಾದರೆ ಇಂಥ ಲೆಕ್ಕದ ಮೇಲೆ ಬರಲಿ, ಹಾಡಿದವರ ಮೇಲಲ್ಲ.

ನನ್ನ ಸ್ವಂತ ಸಿಟ್ಟು ಇನ್ನೂ ಬೇರೆ. 2009ರಲ್ಲಿ ಒಬ್ಬರು ಭಕ್ತಿಗೀತೆ ಸಿಡಿ ಮಾಡಿಸುತ್ತೇವೆ ಅಂತ ಕರೆದರು. ಎಂಟು ಹಾಡಿನಲ್ಲಿ ಮೂರರ ಟ್ಯೂನ್ ನನ್ನದು. ಒಂದು ದಿನದ ಪೇಮೆಂಟ್ ಕೊಟ್ಟರು, ಒಂದು ಹಾಳೆಗೆ ಸೈನ್ ಹಾಕಿಸಿಕೊಂಡರು, ನಾನು ಓದಲೂ ಇಲ್ಲ. ಸಿಡಿ ಬಂತು, ಹೆಸರು ಇಲ್ಲ. ಅದರಲ್ಲಿ ಒಂದು ಹಾಡು ಇವತ್ತಿಗೂ ನಮ್ಮ ಬೀದಿ ಕೊನೆಯ ದೇವಸ್ಥಾನದಲ್ಲಿ ಬೆಳಗ್ಗೆ ಐದೂವರೆಗೆ ಮೈಕಿನಲ್ಲಿ ಬರುತ್ತದೆ. ನನ್ನ ಟ್ಯೂನೇ ನನ್ನ ಅಲಾರಂ. ಹೆಂಡತಿ ನಗುತ್ತಾಳೆ.

ಕ್ಲೇರ್ ಟೊರಿ ಅನ್ನೋ ಗಾಯಕಿಯದ್ದೂ ಹೀಗೇ. ಪಿಂಕ್ ಫ್ಲಾಯ್ಡ್ ಬ್ಯಾಂಡಿನ 1973ರ ಆಲ್ಬಂನಲ್ಲಿ ಒಂದು ಹಾಡಿದೆ, ಅದಕ್ಕೆ ಸಾಹಿತ್ಯವೇ ಇಲ್ಲ, ಬರೀ ಅವರ ಆಲಾಪ. ಸ್ಟುಡಿಯೊದಲ್ಲಿ ಅವರೇ ಹುಟ್ಟಿಸಿಕೊಂಡು ಹಾಡಿದ್ದು. ಸಿಕ್ಕಿದ್ದು 30 ಪೌಂಡ್. ಹಾಡಿದವರು ಅಂತ ಹೆಸರಿತ್ತು, ರಚನೆಯಲ್ಲಿ ಪಾಲು ಇರಲಿಲ್ಲ. 2004ರಲ್ಲಿ ಕೇಸು ಹಾಕಿದರು, 2005ರಲ್ಲಿ ಕೋರ್ಟಿನ ಹೊರಗೆ ರಾಜಿ ಆಯಿತು, ಆಮೇಲೆ ರಚಿಸಿದವರ ಜೊತೆ ಅವರ ಹೆಸರೂ ಸೇರಿತು. 30 ವರ್ಷದ ಮೇಲೆ!

ನಮ್ಮಲ್ಲಿ ಕಾನೂನು 2012ರಿಂದ ಸ್ವಲ್ಪ ಗಟ್ಟಿಯಾಗಿದೆ. ಆ ವರ್ಷ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ತಂದರು. ಟ್ಯೂನ್ ಮಾಡಿದವರು, ಸಾಹಿತ್ಯ ಬರೆದವರು ಹಕ್ಕನ್ನು ಮಾರಿದರೂ ರಾಯಲ್ಟಿ ಪಾಲನ್ನು ಬಿಟ್ಟುಕೊಡೋ ಹಾಗಿಲ್ಲ. ಸಿನಿಮಾ ಹಾಡಾದರೆ ಥಿಯೇಟರಿನಲ್ಲಿ ಸಿನಿಮಾ ಜೊತೆ ಕೇಳಿಸೋದಕ್ಕೆ ಮಾತ್ರ ಪಾಲಿಲ್ಲ, ಬೇರೆ ಕಡೆ ಇದೆ. ಇನ್ನೊಂದು ಎಷ್ಟೋ ಜನರಿಗೆ ಗೊತ್ತಿಲ್ಲ: ಬರೆದುಕೊಟ್ಟ ಪತ್ರದಲ್ಲಿ ಎಷ್ಟು ವರ್ಷಕ್ಕೆ ಅಂತ ಹಾಕಿಲ್ಲದಿದ್ದರೆ ಅದು 5 ವರ್ಷಕ್ಕೆ ಅಂತಲೇ ಲೆಕ್ಕ. ಅದಕ್ಕೇ ಜಾಣರು 'ಶಾಶ್ವತವಾಗಿ' ಅಂತ ಸೇರಿಸಿರುತ್ತಾರೆ. ಸೈನ್ ಹಾಕೋ ಮುಂಚೆ ಆ ಒಂದು ಪದ ಹುಡುಕಿ. ರಾಯಲ್ಟಿ ವಸೂಲಿ ಮಾಡಿ ಹಂಚೋ ಸಂಘಗಳಿವೆ: ಟ್ಯೂನ್, ಸಾಹಿತ್ಯ ಮಾಡೋರು ಐಪಿಆರ್‌ಎಸ್ ಸದಸ್ಯರಾಗಿ, ಗಾಯಕರಿಗೆ ಇಸಮ್ರಾ (ಮೊದಲು ಇಸ್ರಾ ಅನ್ನುತ್ತಿದ್ದರು) ಇದೆ.

ಈಗ ಕೆಲಸ ಬಿಡೋ ವಿಷಯ. ಬಿಡಬೇಡಿ. ಶನಿವಾರ ಭಾನುವಾರ ನಿಮ್ಮವೇ. ಒಂದು ವರ್ಷ ಆ ಎರಡು ದಿನಗಳಲ್ಲಿ ಎಷ್ಟು ಸಲ ಜನರ ಮುಂದೆ ಹಾಡಿದಿರಿ ಅಂತ ಡೈರಿಯಲ್ಲಿ ಬರೆಯಿರಿ. ಕೆಫೆ, ಮದುವೆ ಆರತಕ್ಷತೆ, ಅಪಾರ್ಟ್‌ಮೆಂಟ್ ರಾಜ್ಯೋತ್ಸವ, ಯಾವುದಾದರೂ ಸರಿ. 50 ದಾಟದಿದ್ದರೆ ಕೆಲಸ ಬಿಟ್ಟರೂ ದಾಟಲ್ಲ. ದಾಟಿದರೆ ಮತ್ತೆ ಇಲ್ಲೇ ಬಂದು ಕೇಳಿ. ಮತ್ತೆ ಪ್ರತಿ ಸಲ ನಿಮ್ಮದೇ ಒಂದು ಹಾಡು ಸೇರಿಸಿ, ಜನ ಮೊಬೈಲ್ ನೋಡಿದರೂ ಪರವಾಗಿಲ್ಲ. ನಾನೂ ನಿಮ್ಮ ಗುರುಗಳೂ ಜೀವನಪೂರ್ತಿ ಬೇರೆಯವರ ಹಾಡನ್ನು ಹಾಗ್ಹಾಗೇ ನುಡಿಸಿದೆವು. ಅದು ದೊಡ್ಡ ಕೆಲಸ, ಆದರೆ ಅದರ ಹೆಸರು ಮೂಲ ಹಾಡಿನವರಿಗೇ ಹೋಗುತ್ತದೆ.

ಗುರುಗಳು ಸೌಂಡ್ ಚೆಕ್ ಹೊತ್ತಲ್ಲಿ ತಮ್ಮ ಪಾಡಿಗೆ ಒಂದು ಟ್ಯೂನ್ ನುಡಿಸುತ್ತಾರೆ, ಎಲ್ಲರೂ ಕೆಲಸ ನಿಲ್ಲಿಸಿ ಕೇಳುತ್ತಾರೆ ಅಂತ ಬರೆದಿದ್ದೀರಲ್ಲ. ಮೊದಲು ಅದನ್ನು ರೆಕಾರ್ಡ್ ಮಾಡಿ. ಮೊಬೈಲಿನಲ್ಲಿ ಬೇಡ. ದಾವಣಗೆರೆಗೆ ಕರೆದುಕೊಂಡು ಬನ್ನಿ, ನನ್ನ ಹತ್ತಿರ ಒಂದು ಒಳ್ಳೆಯ ಕಂಡೆನ್ಸರ್ ಮೈಕ್ ಇದೆ, ಬೆಳಗ್ಗೆ ಆರರ ಮೇಲೆ ಯಾವಾಗ ಬೇಕಾದರೂ ಆಗುತ್ತದೆ. ಐದೂವರೆಗೆ ಮಾತ್ರ ಬೇಡ, ಆಗ ಬೀದಿಯಲ್ಲಿ ನನ್ನ ಹಾಡು ಓಡುತ್ತಿರುತ್ತದೆ.