ತೂಕ ಎಲ್ಲಿ ಕೂತಿದೆ ಅಂತ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡಾಂಬರಿಗೂ ಮಣ್ಣಿಗೂ ಆಗುವ ಸಣ್ಣ ಬೈಕುಗಳ ಬಗ್ಗೆಯೇ. ಮಳೆಗಾಲ ಹತ್ತಿರ ಬಂತಲ್ಲ, ಅದಕ್ಕೇ ಇರಬೇಕು. ಸ್ಕೂಟರಿನವರು ಮುಂದಿನ ಸಂಚಿಕೆವರೆಗೆ ಕಾಯಬೇಕು, ಬೇಜಾರು ಬೇಡ.

ಪ್ರಶ್ನೆ: ಮುಖ್ಯ ರಸ್ತೆಯಿಂದ ನಮ್ಮ ತೋಟಕ್ಕೆ ಎರಡು ಕಿಲೋಮೀಟರ್ ಮಣ್ಣು ರಸ್ತೆ. ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 4ವಿ ಬೈಕ್ ಇದೆ. ಕಳೆದ ಮಳೆಗಾಲದಲ್ಲಿ ಜಾರಿ ಕಣಿಗೆ ಬಿತ್ತು, ಒಬ್ಬನಿಂದ ಎತ್ತಲು ಆಗಲೇ ಇಲ್ಲ. 200 ಸಿಸಿ ಬೈಕಿಗೆ 160 ಕೆಜಿ ಯಾಕೆ ಬೇಕು? ಅವರದ್ದೇ ಹಳೇ ಇಂಪಲ್ಸ್ ಇಷ್ಟು ಭಾರ ಇರಲಿಲ್ಲ ಅಲ್ವಾ? ಕ್ರ್ಯಾಶ್ ಗಾರ್ಡ್ ತೆಗೆದು ಭಾರ ಇಳಿಸಲೇ?
— ಅಡಿಕೆ ಕೃಷಿಕರು, ಹೆಬ್ರಿ

ಉತ್ತರ: ಇಂಪಲ್ಸ್ ಇಷ್ಟು ಭಾರ ಇರಲಿಲ್ಲ, ನಿಜ. 2011ರಲ್ಲಿ ಬಂದ ಇಂಪಲ್ಸ್ 134 ಕೆಜಿ ಇತ್ತು. ಆದರೆ ಅದು 150 ಸಿಸಿ, ಹದಿಮೂರು ಕುದುರೆಶಕ್ತಿಯ ಎಂಜಿನ್. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಆಗುಂಬೆಯ ತಿರುವು ಹತ್ತಿದವರಿಗೆ ಅದರ ಏದುಸಿರು ನೆನಪಿರಬಹುದು. "ಬೈಕ್ ಒಳ್ಳೇದೇ, ಶಕ್ತಿ ಸಾಲದು" ಎಂದು ಆಗ ಎಲ್ಲರೂ ಹೇಳಿದರು. ಕಂಪನಿಯವರು ಕೇಳಿಸಿಕೊಂಡರು. 2019ರಲ್ಲಿ ಎಕ್ಸ್‌ಪಲ್ಸ್ 200 ಬಂತು, 154 ಕೆಜಿ. ಎಂಜಿನ್‌ಗೆ ನಾಲ್ಕು ವಾಲ್ವ್ ಬಂದಾಗ, ಅಂದರೆ ನಿಮ್ಮ 4ವಿಯಲ್ಲಿ, 160ರ ಹತ್ತಿರ ಹೋಯಿತು. ಈಗಿನ ಎಕ್ಸ್‌ಪಲ್ಸ್ 210ಕ್ಕೆ ನೀರಿನ ಕೂಲಿಂಗ್. ರೇಡಿಯೇಟರ್, ಪಂಪು, ಹೋಸು, ಒಳಗಿನ ಕೂಲೆಂಟ್ ಎಲ್ಲ ಸೇರಿ ಬೈಕ್ 168 ಕೆಜಿ.

ನಡುವೆ ಸರ್ಕಾರದ ನಿಯಮಗಳೂ ಬಂದವು. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಗಾಡಿಗಳಿಗೆ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ ಕಡ್ಡಾಯ. 2020ರಿಂದ ಬಿಎಸ್6 ಹೊಗೆ ನಿಯಮ. ಎಬಿಎಸ್ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದರೆ ಏನೂ ಭಾರ ಇಲ್ಲ. ಆದರೆ ಅದಕ್ಕೊಂದು ಬ್ರಾಕೆಟ್, ವೈರು, ಉದ್ದದ ಬ್ರೇಕ್ ಪೈಪು ಬೇಕು. ಗ್ರಾಂ ಲೆಕ್ಕದಲ್ಲೇ ಏರುತ್ತಾ ಹೋಗುತ್ತದೆ.

ಇನ್ನೊಂದು ದೊಡ್ಡ ಭಾರ ಇರುವುದು ಚಾಸಿಯಲ್ಲಿ, ಅಂದರೆ ಬೈಕಿನ ಚೌಕಟ್ಟಿನಲ್ಲಿ. ನಮ್ಮಲ್ಲಿ ಬೈಕ್ ಅಂದರೆ ಇಬ್ಬರು ಕೂರಬೇಕು, ಜೊತೆಗೆ ಸಾಮಾನೂ ಹೋಗಬೇಕು. ಅಷ್ಟನ್ನೂ ಹೊತ್ತು ಹೊಂಡಕ್ಕೆ ಬಿದ್ದೆದ್ದರೂ ಮುರಿಯಬಾರದು, ಮೇಲಿಂದ ಬೆಲೆಯೂ ಕೈಗೆಟುಕಬೇಕು. ಇಷ್ಟೆಲ್ಲ ಆಗಬೇಕಾದರೆ ಇರುವ ದಾರಿ ಸ್ಟೀಲ್ ಪೈಪು. ಅಲ್ಯುಮಿನಿಯಂ ಅದೇ ಗಾತ್ರಕ್ಕೆ ಸ್ಟೀಲಿನ ಮೂರನೇ ಒಂದರಷ್ಟೇ ತೂಗುತ್ತದೆ, ನಿಜ. ಆದರೆ ಅಷ್ಟೇ ಗಟ್ಟಿ ಬೇಕೆಂದರೆ ದಪ್ಪ ಮಾಡಬೇಕು. ದುಡ್ಡೂ ಜಾಸ್ತಿ. ಬಿರುಕು ಬಿಟ್ಟರೆ ಹೆಬ್ರಿಯ ಗೇಟು ವೆಲ್ಡಿಂಗ್ ಅಂಗಡಿಯಲ್ಲಿ ಆಗುವ ಕೆಲಸವೂ ಅಲ್ಲ. ಸ್ಟೀಲ್ ಆದರೆ ಅವರೇ ಅರ್ಧ ಗಂಟೆಯಲ್ಲಿ ಬೆಸೆದು ಕೊಡುತ್ತಾರೆ.

ಹಗುರ ಬೈಕೂ ಉಂಟು ಮಾರಾಯ್ರೆ. ಕೆಟಿಎಂ 350 ಇಎಕ್ಸ್‌ಸಿ-ಎಫ್ ಪೆಟ್ರೋಲ್ ಹಾಕುವ ಮೊದಲು 105 ಕೆಜಿ ಆಸುಪಾಸು. ಆದರೆ ಅದಕ್ಕೆ ಆಯಿಲ್ ಬದಲಿಸುವುದು ಕಿಲೋಮೀಟರ್ ನೋಡಿ ಅಲ್ಲ, ಓಡಿಸಿದ ಗಂಟೆ ನೋಡಿ. ಅಂಥ ಗಾಡಿಯಲ್ಲಿ ನೀವು ದಿನಾ ಗೊಬ್ಬರದ ಚೀಲ ತರುತ್ತೀರಾ? ಇಲ್ಲ ತಾನೆ.

ಇನ್ನು ಎತ್ತುವ ವಿಷಯ. ಓಡಿಸುವಾಗ ಬೈಕಿನ ತೂಕಕ್ಕೆ ನಿಮ್ಮ ತೂಕವೂ ಸೇರುತ್ತದೆ. ನೀವು 75 ಕೆಜಿ ಅಂತಿಟ್ಟುಕೊಳ್ಳಿ. 160ರ ಬೈಕಿನಲ್ಲಿ ಒಟ್ಟು 235, 140ರದ್ದಾದರೆ 215. ಎಂಜಿನ್‌ಗೆ ಅದು ದೊಡ್ಡ ವ್ಯತ್ಯಾಸ ಅಲ್ಲ. ಬಿದ್ದಾಗ ಮಾತ್ರ ಆ ಇಪ್ಪತ್ತು ಕೆಜಿ ಪೂರ್ತಿ ನಿಮ್ಮ ಸೊಂಟಕ್ಕೆ ಬರುತ್ತದೆ. ಹಾಗಾಗಿ ಸೊಂಟ ಬಗ್ಗಿಸಿ ಎಳೆಯಲೇಬೇಡಿ. ಮೊದಲು ಕೀ ಆಫ್ ಮಾಡಿ. ಇಳಿಜಾರಿನಲ್ಲಿ ಚಕ್ರಗಳು ಮೇಲ್ಗಡೆಗೆ ಇದ್ದರೆ ಬೈಕನ್ನು ನೆಲದ ಮೇಲೆಯೇ ತಿರುಗಿಸಿ ಚಕ್ರ ಕೆಳಗಡೆಗೆ ಬರುವಂತೆ ಮಾಡಿ. ಒದ್ದೆ ಮಣ್ಣಿನಲ್ಲಿ ಸುಲಭವಾಗಿ ತಿರುಗುತ್ತದೆ, ಅದೊಂದು ಉಪಕಾರ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ತೆರೆದಿಡಿ, ಇಲ್ಲದಿದ್ದರೆ ಎತ್ತಿದ ಖುಷಿಯಲ್ಲಿ ಆ ಕಡೆಗೆ ಬೀಳಿಸುತ್ತೀರಿ. ಗೇರಿಗೆ ಹಾಕಿಡಿ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಗ್ರ್ಯಾಬ್ ರೈಲ್ ಹಿಡಿದು, ಕಾಲಿನ ಬಲದಲ್ಲಿ ಹಿಂದಕ್ಕೆ ಹೆಜ್ಜೆ ಇಡುತ್ತಾ ಏಳಿ.

ಕ್ರ್ಯಾಶ್ ಗಾರ್ಡ್ ತೆಗೆದು ಭಾರ ಇಳಿಸಲೇ ಎಂದು ಕೊನೆಗೆ ಕೇಳಿದ್ದೀರಿ. ಬೇಡ. ಅದಿದ್ದರೆ ಬೈಕ್ ಪೂರ್ತಿ ಮಲಗುವುದಿಲ್ಲ, ಓರೆಯಾಗಿ ನಿಲ್ಲುತ್ತದೆ. ಎತ್ತಬೇಕಾದ ಕೋನ ಅಷ್ಟು ಕಮ್ಮಿ. ಆ ಕೆಲವು ಕೆಜಿ ಅಲ್ಲಿರಲಿ.

ಪ್ರಶ್ನೆ: ನನ್ನ ಎತ್ತರ ಐದು ಅಡಿ ಒಂದಿಂಚು. ಈ ತರದ ಬೈಕ್ ಬಹಳ ಇಷ್ಟ, ಆದರೆ ನೆಲಕ್ಕೆ ಕಾಲು ಸಿಗುವುದಿಲ್ಲ. ಹಿಂಬದಿಯನ್ನು ತಗ್ಗಿಸಿ ಸೀಟು ಇಳಿಸುವ ಲೋವರಿಂಗ್ ಲಿಂಕ್ ಹಾಕಿಸಬಹುದಾ ಸರ್?
— ಶಿಕ್ಷಕಿ, ಬ್ರಹ್ಮಾವರ

ಉತ್ತರ: ಹಾಕಿಸಬಹುದು ಮೇಡಂ. ಆದರೆ ಅದಕ್ಕೆ ಏನು ಕೊಡುತ್ತೀರಿ ಅಂತ ಮೊದಲು ನೋಡಿ. ಚಕ್ರ ಮೇಲೆ ಕೆಳಗೆ ಆಡುವ ಜಾಗ, ಎಂಜಿನ್ ಅಡಿಯ ಜಾಗ, ಸೀಟಿನ ಎತ್ತರ, ಈ ಮೂರೂ ಒಂದಕ್ಕೊಂದು ಕಟ್ಟಿಕೊಂಡಿವೆ. ಎಕ್ಸ್‌ಪಲ್ಸ್ 200 4ವಿಯಲ್ಲಿ ಮುಂದಿನ ಫೋರ್ಕ್ (ಮುಂಚಕ್ರದ ಶಾಕ್) 190 ಮಿಮೀ ಆಡುತ್ತದೆ, ಸೀಟು 825 ಮಿಮೀ ಆಸುಪಾಸು. ಅದರದ್ದೇ ಪ್ರೊ ಮಾದರಿಯಲ್ಲಿ ಫೋರ್ಕ್ 250, ಸೀಟು 891. ರಾಯಲ್ ಎನ್‌ಫೀಲ್ಡಿನ ಹಳೇ ಹಿಮಾಲಯನ್ 411ರಲ್ಲಿ ಸೀಟು 800ಕ್ಕೇ ನಿಂತಿತ್ತು, ಆದರೆ ಗಾಡಿ 200 ಕೆಜಿ ಹತ್ತಿರ.

ಲಿಂಕ್ ಹಾಕಿದರೆ ಹಿಂಬದಿ ಮಾತ್ರ ಕುಸಿಯುತ್ತದೆ. ಮುಂದಿನ ಫೋರ್ಕನ್ನೂ ಕ್ಲಾಂಪಿನಲ್ಲಿ ಅಷ್ಟೇ ಮೇಲಕ್ಕೆ ಸರಿಸದಿದ್ದರೆ ಹ್ಯಾಂಡಲ್ ಸೋಮಾರಿಯಾಗುತ್ತದೆ. ಸೈಡ್ ಸ್ಟ್ಯಾಂಡ್ ಉದ್ದವಾಗಿ ಬೈಕ್ ನೆಟ್ಟಗೆ ನಿಲ್ಲುತ್ತದೆ, ಗಾಳಿಗೆ ಆ ಕಡೆ ಮಗುಚಲೂಬಹುದು. ಅದನ್ನೂ ಕತ್ತರಿಸಿ ಬೆಸೆಯಬೇಕು. ಎಂಜಿನ್ ಅಡಿಗೆ ಇದ್ದ 220 ಮಿಮೀಯಲ್ಲೂ ಕಮ್ಮಿಯಾಗುತ್ತದೆ. ಮುರಕಲ್ಲಿನ ಮೆಟ್ಟಿಲು ದಾಟಲೆಂದೇ ಈ ಬೈಕ್ ತೆಗೆದುಕೊಳ್ಳುವವರು ಅದನ್ನೇ ಕೊಟ್ಟುಬಿಟ್ಟರೆ ಹೇಗೆ?

ನಾನಾದರೆ ಮೊದಲು ಸೀಟಿನ ಅಂಗಡಿಗೆ ಕಳಿಸುತ್ತೇನೆ. ಫೋಮಿನ ದಪ್ಪ ತೆಗೆಸಬೇಡಿ, ಮೂಳೆಗೆ ತಾಗುತ್ತದೆ. ಟ್ಯಾಂಕಿನ ಹತ್ತಿರ ಎರಡೂ ಬದಿ ಕೆತ್ತಿಸಿ. ತೊಡೆ ಅಗಲವಾಗಿ ನಿಲ್ಲುವುದು ತಪ್ಪಿದರೆ ಕಾಲು ತಾನಾಗಿ ಕೆಳಗೆ ಬರುತ್ತದೆ. ನಿಲ್ಲಿಸುವಾಗ ಒಂದೇ ಕಾಲು ಊರಿದರೆ ಸಾಕು, ಇನ್ನೊಂದು ಬ್ರೇಕಿನ ಮೇಲಿರಲಿ.

ಇನ್ನೊಂದು ಮಾತು. ತುದಿಗಾಲಲ್ಲಿ 140 ಕೆಜಿ ಹಿಡಿಯಬಹುದು. ಅದೇ ತುದಿಗಾಲಲ್ಲಿ 195 ಕೆಜಿ ವಾಲಿದರೆ ಯಾರಿಂದಲೂ ಆಗದು. ಹಾಗಾಗಿ ಕವಾಸಾಕಿ ಕೆಎಲ್‌ಎಕ್ಸ್ 230ರ ಸೀಟು 880 ಮಿಮೀ ಎಂದು ಓದಿ ಹೆದರಿ ವಾಪಸ್ ಬರಬೇಡಿ. ಅದು 139 ಕೆಜಿ, ಸೀಟು ಸಪೂರ, ಕೂತರೆ ಶಾಕ್ ಕೆಳಗಿಳಿಯುತ್ತದೆ. ಶೋರೂಮಿಗೆ ಹೋಗಿ ಶಾಲೆಗೆ ಹಾಕುವ ಚಪ್ಪಲಿಯಲ್ಲಲ್ಲ, ಬೂಟು ಹಾಕಿಯೇ ಕೂತು ನೋಡಿ.

ಪ್ರಶ್ನೆ: ಸುರತ್ಕಲ್‌ನಿಂದ ಉಡುಪಿಗೆ ದಿನಾ ಕೆಲಸಕ್ಕೆ ಹೋಗುತ್ತೇನೆ. ಭಾನುವಾರ ಚಾರ್ಮಾಡಿ ಕಡೆ ತಿರುಗಾಟ. ಕೆಎಲ್‌ಎಕ್ಸ್ 139 ಕೆಜಿ ಅಂತ ಕೇಳಿ ಮನಸ್ಸು ಅಲ್ಲೇ ನಿಂತಿದೆ. ತೆಗೆದುಕೊಳ್ಳಲಾ?
— ಖಾಸಗಿ ಕಂಪನಿ ಉದ್ಯೋಗಿ, ಸುರತ್ಕಲ್

ಉತ್ತರ: ದಿನದ ಸವಾರಿ ಪೂರ್ತಿ ಹೆದ್ದಾರಿ 66ರಲ್ಲಿ ಅಂದಮೇಲೆ ನನ್ನ ಉತ್ತರ ಬೇಡ ಅಂತಲೇ. ಬೈಕ್ ಕೆಟ್ಟದ್ದು ಅಂತ ಅಲ್ಲ. 2024ರ ಕೊನೆಗೆ ಬಂದಾಗ 3.30 ಲಕ್ಷ ಇದ್ದ ಬೆಲೆ ಆಮೇಲೆ ಬಹಳ ಇಳಿದಿದೆ, ಆಸೆಪಡುವುದರಲ್ಲಿ ತಪ್ಪಿಲ್ಲ.

ಎಕ್ಸ್‌ಪಲ್ಸ್ 200 4ವಿಗಿಂತ ಇಪ್ಪತ್ತು ಕೆಜಿ ಎಲ್ಲಿಂದ ಕಮ್ಮಿಯಾಯಿತು ನೋಡಿ. ಟ್ಯಾಂಕ್ 7.6 ಲೀಟರ್, ಎಕ್ಸ್‌ಪಲ್ಸ್‌ನದ್ದು 13. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆಜಿ ತೂಗುತ್ತದೆ. ಅಲ್ಲಿಗೆ ನಾಲ್ಕು ಕೆಜಿ ಬರೀ ಎಣ್ಣೆಯದ್ದೇ. ಆಯಿಲ್ ಕೂಲರ್ ಇಲ್ಲ, ಹಿಂದೆ ಸಾಮಾನು ಕಟ್ಟುವ ಪ್ಲೇಟಿಲ್ಲ, ಮುಂದೆ ಗಾಳಿ ತಡೆಯುವ ಗಾಜಿಲ್ಲ, ಸೀಟು ಹಲಗೆಯಷ್ಟು ಸಪೂರ. ಗುಡ್ಡೆಯಲ್ಲಿ ಇದೆಲ್ಲ ಇಲ್ಲದಿರುವುದೇ ಲಾಭ. ಆದರೆ ಜೂನ್ ತಿಂಗಳಲ್ಲಿ ಮುಲ್ಕಿಯ ಶಾಂಭವಿ ಸೇತುವೆ ಮೇಲೆ ಕಡಲಿನ ಕಡೆಯಿಂದ ಬೀಸುವ ಗಾಳಿ ನಿಮಗೆ ಗೊತ್ತೇ ಇದೆ. ಎತ್ತರದ ಹಗುರ ಬೈಕು, ಮೇಲೆತ್ತಿ ಕೂರಿಸಿದ ಅಗಲ ಮಡ್‌ಗಾರ್ಡ್, ಪಕ್ಕದಲ್ಲಿ ಗ್ಯಾಸಿನ ಬುಲೆಟ್ ಟ್ಯಾಂಕರ್ ಲಾರಿ. ಆ ಮಡ್‌ಗಾರ್ಡನ್ನು ಕೆಸರು ಕಟ್ಟಿ ಚಕ್ರ ಹಿಡಿಯಬಾರದೆಂದು ಮೇಲಿಟ್ಟಿದ್ದಾರೆ. ಎಂಬತ್ತರ ವೇಗದಲ್ಲಿ ಅದೇ ಗಾಳಿ ಹಿಡಿಯುತ್ತದೆ. ಮಣ್ಣಿಗೆಂದು ಉಬ್ಬು ಗಟ್ಟೆಗಳಿರುವ ಟೈರಿನ ಬ್ರೇಕ್ ಒದ್ದೆ ಡಾಂಬರಿನಲ್ಲಿ ಅಷ್ಟಕ್ಕಷ್ಟೇ. ಇದನ್ನೆಲ್ಲ ವಾರದಲ್ಲಿ ಆರು ದಿನ ಸಹಿಸಬೇಕು, ಒಂದು ದಿನದ ಸುಖಕ್ಕೆ.

ಚಾರ್ಮಾಡಿಯಲ್ಲಿ ನೀವು ಹೋಗುವುದೂ ಡಾಂಬರಿನಲ್ಲೇ. ಕಾಡಿನೊಳಗೆ ಬೈಕ್ ನುಗ್ಗಿಸುವ ಯೋಚನೆ ಇದ್ದರೆ ಅರಣ್ಯ ಇಲಾಖೆ ಬಿಡುವುದಿಲ್ಲ, ಬಿಡಲೂಬಾರದು. 160ರ ಎಕ್ಸ್‌ಪಲ್ಸ್ 200 4ವಿ ಇಲ್ಲವೇ 168ರ 210 ನಿಮಗೆ ಸರಿ. ಹೆಬ್ರಿಯವರ ತೋಟದಂಥದ್ದು ನಿಮಗೂ ಇದ್ದಿದ್ದರೆ ಬೇರೆ ಮಾತು.

ಒಂದು ಎಚ್ಚರಿಕೆ. ತೂಕ ಹೋಲಿಸುವಾಗ ಕರ್ಬ್ ತೂಕವನ್ನು ಕರ್ಬ್ ತೂಕಕ್ಕೇ ಹೋಲಿಸಿ. ಅದರಲ್ಲಿ ಆಯಿಲ್, ಬ್ಯಾಟರಿ, ಕಮ್ಮಿಯೆಂದರೆ ಶೇ 90ರಷ್ಟು ಪೆಟ್ರೋಲ್ ಸೇರಿರುತ್ತದೆ. ಡ್ರೈ ತೂಕ ಎಂದು ಬರೆದಿದ್ದರೆ ಯಾರು ಏನೇನು ಬಿಟ್ಟು ತೂಗಿದ್ದಾರೋ ದೇವರಿಗೇ ಗೊತ್ತು.

ಪ್ರಶ್ನೆ: ಲಿಥಿಯಂ ಬ್ಯಾಟರಿ ಹಾಕಿ, ಸಾರಿ ಗಾರ್ಡ್ ತೆಗೆದು, ಸೈಲೆನ್ಸರ್ ಬದಲಿಸಿದರೆ ಎಷ್ಟು ಹಗುರ ಆಗುತ್ತದೆ?
— ವಿದ್ಯಾರ್ಥಿ, ಮಣಿಪಾಲ

ಉತ್ತರ: ಬ್ಯಾಟರಿಯಲ್ಲಿ ಒಂದೆರಡು ಕೆಜಿ ಉಳಿಯಬಹುದು, ದುಡ್ಡು ಉಳಿಯುವುದಿಲ್ಲ. ಸಾರಿ ಗಾರ್ಡ್ ಮೋಟಾರು ವಾಹನ ನಿಯಮ 123ರಲ್ಲಿದೆ. ಹಿಂದಿನ ಚಕ್ರದ ಅರ್ಧಕ್ಕೆ ಕಮ್ಮಿಯಿಲ್ಲದಂತೆ ಮುಚ್ಚಬೇಕು. ಸೈಲೆನ್ಸರ್ ಬದಲಿಸಿದವರ ಗಾಡಿ ಪೊಲೀಸರ ಹತ್ತಿರ ಇರುತ್ತದೆ, ಅಷ್ಟು ದಿನ ನಿಮಗೆ ಪೂರ್ತಿ ಹಗುರ.

ಪ್ರಶ್ನೆ: ಟಾಪ್ ಬಾಕ್ಸ್, ಎರಡು ಸೈಡ್ ಬಾಕ್ಸ್, ಹೆಚ್ಚುವರಿ ಪೆಟ್ರೋಲ್ ಕ್ಯಾನ್ ಕಟ್ಟಿ ಗೋಕರ್ಣಕ್ಕೆ ಹೋಗಿಬಂದೆವು. ಈಗ ಹಿಂದಿನಿಂದ ಕಟಕಟ ಶಬ್ದ. 200 ಸಿಸಿ ಬೈಕು, ಮೂರು ವರ್ಷ ಹಳೆಯದು.
— ಓದುಗ ದಂಪತಿ, ಬೆಳ್ತಂಗಡಿ

ಉತ್ತರ: ಶಬ್ದ ಹುಡುಕುವ ಮೊದಲು ಬಾಕ್ಸ್ ಎಲ್ಲ ಬಿಚ್ಚಿ, ಸೀಟು ತೆಗೆಯಿರಿ. ಸೀಟು, ಸಾಮಾನು ಹೊರುವ ಹಿಂದಿನ ಚೌಕಟ್ಟು ಸಬ್‌ಫ್ರೇಮ್. ಅದರ ಪೈಪು ಮುಖ್ಯ ಚಾಸಿಗೆ ಸೇರುವಲ್ಲಿ ವೆಲ್ಡಿಂಗ್ ಅಂಚು ಇರುತ್ತದೆ. ಅಲ್ಲಿ ಹಳೇ ಬನಿಯನ್ ಬಟ್ಟೆಯಿಂದ ಧೂಳು ಒರೆಸಿ, ಟಾರ್ಚನ್ನು ಎದುರಿಂದ ಹಿಡಿಯದೆ ಬದಿಯಿಂದ ಓರೆಯಾಗಿ ಹಿಡಿಯಿರಿ. ಕಪ್ಪು ಬಣ್ಣದ ಮೇಲೆ ಕೂದಲೆಳೆಯಷ್ಟು ಸಪೂರದ ಕೆಂಪು ಗೆರೆ ಕಂಡರೆ ಅದು ಬರೀ ತುಕ್ಕಲ್ಲ. ಒಳಗೆ ಕಬ್ಬಿಣ ಬಾಯಿಬಿಟ್ಟಿದೆ, ನಮ್ಮ ಉಪ್ಪುಗಾಳಿ ಅದರೊಳಗೆ ಹೊಕ್ಕು ಬಣ್ಣ ತೋರಿಸುತ್ತಿದೆ. ಪರ್ಕಳದ ನನ್ನ ಗ್ಯಾರೇಜಿಗೆ ಬರುವ ಬಾಕ್ಸ್ ಕಟ್ಟಿದ ಗಾಡಿಗಳಲ್ಲಿ ನಾನು ಮೊದಲು ನೋಡುವುದೇ ಆ ಗೆರೆಯನ್ನು. ಉಗುರು ಆಡಿಸಿದರೆ ಬಿರುಕಿನ ಅಂಚು ಸಿಕ್ಕಿಕೊಳ್ಳುತ್ತದೆ.

ಹಿಂದಿನ ಚಕ್ರದ ಅಚ್ಚಿಗಿಂತ ಹಿಂದಕ್ಕೆ ಇಟ್ಟ ಭಾರ ಮುಂದಿನ ಚಕ್ರವನ್ನು ಎತ್ತುತ್ತದೆ. ಘಾಟಿಯ ತಿರುವಿನಲ್ಲಿ ಹ್ಯಾಂಡಲ್ ಅಲ್ಲಾಡಿದ ಹಾಗೆ ಆಗಿರಬೇಕಲ್ಲ? ಅದು ಇದೇ. ಕಂಪನಿಯವರು ಪ್ರತಿ ಗ್ರಾಂ ಲೆಕ್ಕ ಹಾಕಿ ಪೈಪು ಸಪೂರ ಮಾಡಿರುತ್ತಾರೆ. ನಾವು ಅದರ ತುದಿಗೆ ಕಬ್ಬಿಣದ ರ‍್ಯಾಕು, ಮೇಲೊಂದು ಪೆಟ್ಟಿಗೆ, ಅದರೊಳಗೆ ಮಲ್ಲಿಗೆ ಮಿಠಾಯಿ ಎಲ್ಲ ತುಂಬುತ್ತೇವೆ. ಟಾಪ್ ಬಾಕ್ಸ್ ಮಾರಿಬಿಡಿ. ಬಟ್ಟೆಯ ಜೋಳಿಗೆ ಚೀಲ ಸೀಟಿನ ಎರಡೂ ಬದಿಗೆ, ಆದಷ್ಟು ಮುಂದಕ್ಕೆ, ಕೆಳಕ್ಕೆ ಇರಲಿ. ಪೆಟ್ರೋಲ್ ಕ್ಯಾನ್ ಯಾಕೆ? ಗೋಕರ್ಣದವರೆಗೂ ಹೆದ್ದಾರಿ ಉದ್ದಕ್ಕೆ ಬಂಕುಗಳಿವೆ. ಬಿರುಕು ಇದ್ದರೆ ಬೆಸೆಯುವ ಮೊದಲು ಬ್ಯಾಟರಿ ವೈರು ಬಿಚ್ಚಲು ಹೇಳಿ, ಇಲ್ಲವಾದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಸುಡುವ ಅಪಾಯ ಇದೆ.

ಪ್ರಶ್ನೆ: ನನ್ನ ಬೈಕಿನ ಚಕ್ರ ಮುಂದಿನದ್ದು 21, ಹಿಂದಿನದ್ದು 18 ಇಂಚು. ದೂರ ಹೋಗುವಾಗ ಎರಡೂ ಟ್ಯೂಬ್ ಹೊತ್ತುಕೊಂಡು ಹೋಗಬೇಕಾ?
— ಓದುಗರು, ಕಾರ್ಕಳ

ಉತ್ತರ: ಬೇಡ. 21ರದ್ದು ಒಂದೇ ಸಾಕು. ತುರ್ತಿಗೆ ಅದನ್ನೇ ಹಿಂದಿನ 18ಕ್ಕೂ ತುರುಕಬಹುದು, 18ರದ್ದನ್ನು 21ಕ್ಕೆ ಎಳೆಯುವುದು ಕಷ್ಟ. ಒಳಗೆ ಮಡಿಕೆ ಬೀಳದಂತೆ ಮೊದಲು ಸ್ವಲ್ಪ ಗಾಳಿ ತುಂಬಿ ಕೂರಿಸಿ, ನಿಧಾನಕ್ಕೆ ಊರಿಗೆ ಬನ್ನಿ, ಬಂದ ಮೇಲೆ ಸರಿಯಾದ ಟ್ಯೂಬ್ ಹಾಕಿಸಿ.